ಎಸ್‌ಡಿಎಂಸಿ ಅಧ್ಯಕ್ಷೆ ಮಾಡಿಬಿಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 84 ಮಕ್ಕಳಿದ್ದಾರೆ. ಒಂದರಿಂದ ಐದರವರೆಗೆ 58, ಆರು ಮತ್ತು ಏಳರಲ್ಲಿ 26. ಅರ್ಧಕ್ಕರ್ಧ ಕಾಫಿ ತೋಟದ ಲೈನ್‌ಮನೆ (ಕೂಲಿಯವರ ಸಾಲುಮನೆ) ಮಕ್ಕಳು. ಯಾರೂ ಮುಂದೆ ಬರಲಿಲ್ಲ ಅಂತ ಪೋಷಕರ ಸಭೆಯಲ್ಲಿ ನನ್ನನ್ನೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷೆ ಮಾಡಿಬಿಟ್ಟರು. ಮಗಳು ಐದನೇ ಕ್ಲಾಸಿನಲ್ಲಿದ್ದಾಳೆ. ನಾನು ಪಿಯುಸಿವರೆಗೆ ಓದಿದ್ದೇನೆ, ಲೆಕ್ಕಪತ್ರ ಗೊತ್ತಿಲ್ಲ. ಹಿಂದಿನ ಸಮಿತಿಯ ಲೆಕ್ಕ ಯಾರೂ ಸರಿಯಾಗಿ ಹೇಳುತ್ತಿಲ್ಲ. ಸಭೆ ಕರೆದರೆ ಐದಾರು ಜನ ಬರುತ್ತಾರೆ, ಉಳಿದವರ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸುವುದು ರೂಢಿ. ಹೆಡ್‌ಮಾಸ್ಟರ್ ಒಳ್ಳೆಯವರೇ, ಆದರೆ ‘ಮೂರ್ನಾಲ್ಕು ಚೆಕ್ಕಿಗೆ ಸಹಿ ಹಾಕಿಟ್ಟುಬಿಡಿ ಮೇಡಂ, ಪದೇ ಪದೇ ಬರುವ ತೊಂದರೆ ತಪ್ಪುತ್ತೆ’ ಅಂದಿದ್ದಾರೆ. ಏನು ಮಾಡಲಿ?

ಉತ್ತರ: ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಒಂದಕ್ಕೂ ಬೇಡ. ನಿಮ್ಮ ಉಳಿದ ಪ್ರಶ್ನೆಗಳಿಗೆ ಹಿಂದೆ ಮುಂದೆ ನೋಡಿ ಉತ್ತರ ಹೇಳಬಹುದು, ಇದಕ್ಕೆ ಮಾತ್ರ ಎರಡನೇ ಉತ್ತರವಿಲ್ಲ. ಹೆಡ್‌ಮಾಸ್ಟರ್ ಕೆಟ್ಟ ಮನಸ್ಸಿನಿಂದ ಕೇಳಿದರು ಅಂತ ತಿಳಿಯಬೇಕಿಲ್ಲ. ಅಂಗಡಿಯವರು ಹಣಕ್ಕೆ ಕಾಯುತ್ತಿರುತ್ತಾರೆ, ಗ್ಯಾಸ್ ಸಿಲಿಂಡರ್ ಮುಗಿದಿರುತ್ತದೆ, ಅಧ್ಯಕ್ಷರು ತೋಟದಲ್ಲಿರುತ್ತಾರೆ. ಅವರ ಕಷ್ಟವೂ ನಿಜ. ಆದರೆ ಜಂಟಿ ಖಾತೆ ಅಂತ ಮಾಡಿರುವುದೇ ಇಬ್ಬರು ನೋಡಿ ಒಪ್ಪಲಿ ಅಂತ. ಖಾಲಿ ಚೆಕ್ಕಿಗೆ ಸಹಿ ಬಿದ್ದರೆ ನೋಡುವವರು ಒಬ್ಬರೇ ಆಗುತ್ತಾರೆ, ಹೊಣೆ ಮಾತ್ರ ಇಬ್ಬರ ಮೇಲೂ ಇರುತ್ತದೆ. ಮೂರು ವರ್ಷ ಬಿಟ್ಟು ಆಡಿಟ್‌ನವರು ಆಕ್ಷೇಪ ಎತ್ತಿದಾಗ ಹೆಡ್‌ಮಾಸ್ಟರ್ ವರ್ಗವಾಗಿ ಹೋಗಿರಬಹುದು. ನೀವು ಅದೇ ಊರಲ್ಲಿರುತ್ತೀರಿ.

ಇದನ್ನು ಅವರ ಮನಸ್ಸು ನೋಯದ ಹಾಗೆ ಹೇಳಬೇಕಾದರೆ ಅವರ ತೊಂದರೆಗೂ ಒಂದು ದಾರಿ ತೋರಿಸಿ: ‘ಸರ್, ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಬಂದು ಕೂರುತ್ತೇನೆ, ವಾರದ ಬಿಲ್ಲೆಲ್ಲ ಒಟ್ಟಿಗೆ ಇಟ್ಟಿರಿ.’ ಇಷ್ಟು ಮಾಡಿ, ಆಮೇಲೆ ಒಂದು ಸೋಮವಾರವೂ ತಪ್ಪಿಸಬೇಡಿ. ನೀವು ಎರಡು ಸಲ ತಪ್ಪಿಸಿದರೆ ಮೂರನೇ ಸಲ ಅವರು ಮತ್ತೆ ಖಾಲಿ ಚೆಕ್ಕು ಕೇಳುತ್ತಾರೆ, ಆಗ ತಪ್ಪು ನಿಮ್ಮದಾಗುತ್ತದೆ. ಸಹಿ ಹಾಕುವ ಮುಂಚೆ ಚೆಕ್ಕಿನಲ್ಲಿ ಹೆಸರು, ತಾರೀಖು, ಅಂಕಿ ಮತ್ತು ಅಕ್ಷರದಲ್ಲಿ ಮೊತ್ತ ತುಂಬಿದೆಯೇ, ಜೊತೆಗೆ ಬಿಲ್ಲಿದೆಯೇ, ಆ ಖರ್ಚಿಗೆ ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು (ಸಭೆಯ ತೀರ್ಮಾನ) ಇದೆಯೇ, ಚೆಕ್ ಬುಕ್ಕಿನಲ್ಲಿ ಉಳಿಯುವ ಕೌಂಟರ್‌ಫಾಯಿಲ್‌ನಲ್ಲೂ ಅದೇ ಮೊತ್ತ ಬರೆದಿದೆಯೇ ನೋಡಿ. ‘ಸೆಲ್ಫ್’ ಅಂತ ಬರೆದ ಚೆಕ್ಕಿಗಿಂತ ಅಂಗಡಿಯ ಹೆಸರಿಗೇ ಬರೆದದ್ದು ಮೇಲು, ಹಣ ಯಾರಿಗೆ ಹೋಯಿತು ಅನ್ನುವುದನ್ನು ಬ್ಯಾಂಕೇ ಹೇಳುತ್ತದೆ.

ಸಮಗ್ರ ಶಿಕ್ಷಣ ಯೋಜನೆಯ ಅನುದಾನಕ್ಕೆ ಈಗ ಬೇರೆ ವ್ಯವಸ್ಥೆ ಇದೆ. ಶಾಲೆಯದು ಶೂನ್ಯ ಶಿಲ್ಕಿನ ಖಾತೆ. ಹಣ ರಾಜ್ಯದ ಒಂದೇ ಖಾತೆಯಲ್ಲಿ ಇರುತ್ತದೆ, ಶಾಲೆಗೆ ಇಷ್ಟು ಖರ್ಚು ಮಾಡಬಹುದು ಅಂತ ಮಿತಿ ಮಾತ್ರ ಸಿಗುತ್ತದೆ. ಪಾವತಿ ಆಗುವುದು ಪಿಎಫ್‌ಎಂಎಸ್ ಅನ್ನುವ ಸರ್ಕಾರಿ ಪಾವತಿ ತಂತ್ರಾಂಶದಲ್ಲಿ. ಒಂದು ಲಾಗಿನ್‌ನಲ್ಲಿ ವಿವರ ತುಂಬಬೇಕು, ಇನ್ನೊಂದರಲ್ಲಿ ಒಪ್ಪಿಗೆ ಕೊಡಬೇಕು. ಫೋನಿಗೆ ಬಂದ ಒಟಿಪಿಯನ್ನು ಯಾಕೆ ಅಂತ ಕೇಳದೆ ಓದಿ ಹೇಳುವುದೂ ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೇ.

ಈಗ ನಿಮ್ಮ ಅಧಿಕಾರದ ವಿಷಯ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿತ್ತು, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ರಾಜ್ಯದಲ್ಲಿ ಜಾರಿಗೆ ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇದಕ್ಕೆ ಕೇಂದ್ರದ ಕಾನೂನಿನ ಬಲ ಕೊಟ್ಟಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಜಾಗ ಸಿಗಬೇಕು. ಕೆಲಸ ಮೂರು: ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಸರಿಯಾಗಿ ಖರ್ಚಾಯಿತೇ ಅಂತ ನೋಡುವುದು. ಶಿಕ್ಷಕರಿಗೆ ನೋಟಿಸ್ ಕೊಡುವ, ರಜೆ ಮಂಜೂರು ಮಾಡುವ, ಪಾಠ ಹೀಗೇ ಮಾಡಿ ಅನ್ನುವ ಅಧಿಕಾರ ಅಧ್ಯಕ್ಷರಿಗಿಲ್ಲ. ಅದು ಇಲಾಖೆಯ ಕೆಲಸ. ಹೊಸ ಅಧ್ಯಕ್ಷರು ಮೊದಲ ತಿಂಗಳಲ್ಲೇ ಎಡವುವುದು ಇಲ್ಲಿ. ಹಾಜರಿ ಪುಸ್ತಕ ತರಿಸಿಕೊಂಡು ‘ಯಾಕ್ರೀ ಲೇಟು’ ಅನ್ನುತ್ತಾರೆ, ಅಲ್ಲಿಗೆ ಮೇಷ್ಟ್ರುಗಳ ಜೊತೆ ಮಾತು ಮುರಿಯುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು ಸಹಿ, ಒಂದು ಪುಸ್ತಕ. ಅವೆರಡನ್ನು ಬಿಗಿಯಾಗಿ ಹಿಡಿದರೆ ಉಳಿದದ್ದಕ್ಕೆ ದನಿ ಏರಿಸಬೇಕಾಗುವುದಿಲ್ಲ.

ಹಳೆಯ ಲೆಕ್ಕಕ್ಕೆ ಬರೋಣ. ಹಿಂದಿನವರನ್ನು ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಲೆಕ್ಕ ಕೇಳಬೇಡಿ, ಅದು ಎರಡು ಮನೆತನಗಳ ಜಗಳವಾಗಿ ಮುಗಿಯುತ್ತದೆ. ಬದಲಿಗೆ ಹೆಡ್‌ಮಾಸ್ಟರ್ ಎದುರು ಕೂತು ಇವಿಷ್ಟೂ ಇವೆಯೇ ಅಂತ ಪಟ್ಟಿ ಮಾಡಿ: ನಡಾವಳಿ ಪುಸ್ತಕ, ನಗದು ಪುಸ್ತಕ, ವೋಚರ್ ಫೈಲು, ಪಾಸ್‌ಬುಕ್, ಚೆಕ್ ಬುಕ್, ರಸೀದಿ ಪುಸ್ತಕ, ದಾಸ್ತಾನು ವಹಿ, ಬಿಸಿಯೂಟದ ವಹಿಗಳು. ಇಲ್ಲದ್ದನ್ನು ‘ಇಲ್ಲ’ ಅಂತಲೇ ಬರೆದು ಇಬ್ಬರೂ ಸಹಿ ಮಾಡಿ. ನಗದು ಪುಸ್ತಕದ ಕೊನೆಯ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ನಿಮ್ಮನ್ನು ಆರಿಸಿದ ಠರಾವಿನ ದೃಢೀಕೃತ ನಕಲು, ಹೆಡ್‌ಮಾಸ್ಟರ್ ಪತ್ರ, ಆಧಾರ್, ಪಾನ್, ಫೋಟೋ ಬೇಕು. ಅದೇ ದಿನ ಹಿಂದಿನ ಮೂರು ವರ್ಷದ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ.

ಆಮೇಲೆ ತಾಳೆ ನೋಡುವುದು. ಲೆಕ್ಕಪತ್ರ ಗೊತ್ತಿಲ್ಲ ಅಂದಿರಿ, ಇದಕ್ಕೆ ಕೂಡಿಸಿ ಕಳೆಯುವುದು ಬಂದರೆ ಸಾಕು. ಪಾಸ್‌ಬುಕ್ಕಿನಲ್ಲಿ 18,460 ರೂಪಾಯಿ ಇದೆ, ನಗದು ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು 16,210 ಅಂತಿದೆ ಅನ್ನಿ. ವ್ಯತ್ಯಾಸ 2,250. ಕೊಟ್ಟಿರುವ ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿಲ್ಲವೇ ನೋಡಿ, 1,900ರದ್ದು ಒಂದು ಸಿಕ್ಕಿತು. ಬಡ್ಡಿ ಜಮಾ ಆಗಿದ್ದನ್ನು ಪುಸ್ತಕಕ್ಕೆ ಹತ್ತಿಸಿದ್ದಾರೆಯೇ ನೋಡಿ, 350 ಬಿಟ್ಟಿದ್ದಾರೆ. ಎರಡೂ ಕೂಡಿದರೆ 2,250, ಲೆಕ್ಕ ಸರಿ. ಹೀಗೆ ಕೂಡದೆ ಉಳಿದ ಮೊತ್ತವಿದ್ದರೆ ಯಾರ ಮೇಲೂ ಬೆರಳು ತೋರಿಸದೆ ಮುಂದಿನ ಸಭೆಯ ನಡಾವಳಿಯಲ್ಲಿ ‘ಇಂಥ ದಿನ ಅಧಿಕಾರ ವಹಿಸಿಕೊಂಡಾಗ ಬ್ಯಾಂಕಿನಲ್ಲಿ ಇಷ್ಟು, ಪುಸ್ತಕದಲ್ಲಿ ಇಷ್ಟು, ಲೆಕ್ಕ ಸಿಗದ ಮೊತ್ತ ಇಷ್ಟು’ ಅಂತ ಬರೆಸಿ, ಅದರ ನಕಲನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ. ವಿಚಾರಣೆ ಅವರಿಗೆ ಬಿಟ್ಟದ್ದು. ನಿಮ್ಮ ಹೊಣೆ ಎಲ್ಲಿಂದ ಶುರು ಅನ್ನುವ ಗೆರೆ ಬಿತ್ತಲ್ಲ, ನಿಮಗೆ ಬೇಕಾದದ್ದು ಅದು. ಮುಂದಕ್ಕೆ ಈ ತಾಳೆಯನ್ನು ತಿಂಗಳಿಗೊಮ್ಮೆ ಮಾಡಿ, ಹತ್ತು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಅಂತ ಬಿಟ್ಟರೆ ಮೂರು ದಿನ ಬೇಕಾಗುತ್ತದೆ, ಆಗಲೂ ಬಿಲ್ಲು ಸಿಗುವುದಿಲ್ಲ.

ಇನ್ನು ಸಭೆ. ಜನ ಬರುವುದಿಲ್ಲ ಅನ್ನುವುದು ಎಲ್ಲ ಶಾಲೆಯ ದೂರು, ಕಾರಣ ಮಾತ್ರ ಹೆಚ್ಚಿನ ಕಡೆ ಒಂದೇ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಬಂದವರಿಗೆ ಅವತ್ತಿನ ಕೂಲಿ ಹೋಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಣ್ಣು ಕೊಯ್ಯುವ ಕಾಲದಲ್ಲಂತೂ ಕಿಲೋ ಲೆಕ್ಕದಲ್ಲಿ ಕೂಲಿ, ಒಂದು ದಿನ ಬಿಟ್ಟವರ ನಷ್ಟ ಇನ್ನೂ ದೊಡ್ಡದು. ಶಿಕ್ಷಕರಿಗೆ ಶಾಲೆಯ ವೇಳೆ ಅನುಕೂಲ, ಪೋಷಕರಿಗೆ ಅದೇ ಅನನುಕೂಲ. ತೋಟದ ರೈಟರ್ (ಕೂಲಿ ಲೆಕ್ಕ ಬರೆಯುವವರು) ಹತ್ತಿರ ಕೇಳಿದರೆ ವಾರದ ರಜೆ ಯಾವತ್ತು, ಬಟವಾಡೆ ಯಾವತ್ತು, ಸಂತೆಗೆ ಎಷ್ಟು ಹೊತ್ತಿಗೆ ಹೋಗುತ್ತಾರೆ ಅನ್ನುವುದು ತಿಳಿಯುತ್ತದೆ. ರಜೆಯ ದಿನ ಸಂತೆಗೆ ಹೊರಡುವ ಮುಂಚೆ, ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂಕಾಲು, ಹೆಚ್ಚಿನ ಊರಿಗೆ ಒಗ್ಗುತ್ತದೆ. ಮೂರರಲ್ಲಿ ಒಂದು ಸಭೆಯನ್ನು ಲೈನ್‌ಮನೆ ಹತ್ತಿರವೇ ಇಡಿ. ಸಂಜೆ ಸಭೆ ಮಾತ್ರ ಬೇಡ, ಮುಗಿಯುವಾಗ ಕತ್ತಲಾಗುತ್ತದೆ, ಆನೆ ಓಡಾಡುವ ದಾರಿಯಲ್ಲಿ ಹೆಂಗಸರು ಮಕ್ಕಳು ನಡೆದು ಹೋಗಬೇಕು.

ಮುಕ್ಕಾಲು ಗಂಟೆ, ಮೂರೇ ವಿಷಯ. ಐದು ದಿನ ಮುಂಚೆ ಮಕ್ಕಳ ಕೈಯಲ್ಲಿ ಚೀಟಿ, ಹಿಂದಿನ ದಿನ ವಾಟ್ಸಾಪ್‌ನಲ್ಲಿ ನಿಮ್ಮ ದನಿಯಲ್ಲೇ ಒಂದು ಸಂದೇಶ. ಓದಲು ಬಾರದ ತಾಯಂದಿರಿಗೂ ಅದು ತಲುಪುತ್ತದೆ. ಬೆಂಚು ಪಕ್ಕಕ್ಕೆ ಸರಿಸಿ ಜಮಖಾನೆ ಹಾಸಿ ಸುತ್ತ ಕೂರಿ. ವೇದಿಕೆ, ಶಾಲು, ಹಾರ ಹಾಕಿದರೆ ಸಭೆ ಭಾಷಣವಾಗುತ್ತದೆ. ಹೆಂಡತಿ ಸದಸ್ಯೆ, ಬರುವುದು ಮಾತ್ರ ಯಜಮಾನರು ಅನ್ನುವುದು ಎಲ್ಲ ಕಡೆ ಇದೆ. ಯಜಮಾನರು ಕೂತು ಕೇಳಲಿ, ಬೇಡ ಅನ್ನಬೇಡಿ, ಆದರೆ ಹಾಜರಿ ಮತ್ತು ಸಹಿ ಸದಸ್ಯೆಯದೇ ಆಗಬೇಕು. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಸದಸ್ಯರು ಎಷ್ಟು ಅನ್ನುವುದು ಸಮಿತಿಯ ಉಪವಿಧಿಯಲ್ಲಿದೆ, ಅದರ ಪ್ರತಿಯನ್ನು ಹೆಡ್‌ಮಾಸ್ಟರ್ ಹತ್ತಿರ ಪಡೆದು ಆ ಪುಟಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಕೋರಂ ಆಗದಿದ್ದರೆ ‘ಸಭೆ ಮುಂದೂಡಿದೆ’ ಅಂತ ಬರೆದು ಎದ್ದುಬಿಡಿ. ಒಂದು ಸಲ ಹಾಗೆ ಆದರೆ ಮುಂದಿನ ಸಲ ಜನ ಬರುತ್ತಾರೆ. ಮನೆಗೆ ಪುಸ್ತಕ ಕಳಿಸಿ ಸಹಿ ತರುವ ಪದ್ಧತಿ ಇರುವವರೆಗೆ ಯಾರೂ ಬರುವುದಿಲ್ಲ, ಯಾಕೆ ಬರಬೇಕು?

ನಡಾವಳಿ ಬರೆಯುವವರು ಸದಸ್ಯ ಕಾರ್ಯದರ್ಶಿಯಾದ ಹೆಡ್‌ಮಾಸ್ಟರ್. ಬರೆಯಲಿ, ಆದರೆ ಅಲ್ಲೇ ಬರೆಯಲಿ, ಅಲ್ಲೇ ಗಟ್ಟಿಯಾಗಿ ಓದಲಿ, ಅಲ್ಲೇ ಸಹಿಯಾಗಲಿ. ‘ಶಾಲೆಯ ದುರಸ್ತಿ ಬಗ್ಗೆ ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು’ ಅನ್ನುವುದು ಠರಾವಲ್ಲ. ಆ ಒಂದು ಸಾಲಿನ ಕೆಳಗೆ ಎಷ್ಟು ಸಾವಿರ ಬೇಕಾದರೂ ಕೂರಿಸಬಹುದು. ಹೀಗಿರಬೇಕು: ‘ಆರನೇ ತರಗತಿ ಕೊಠಡಿಯ ಒಡೆದ 40 ಹೆಂಚು ಬದಲಿಸಲು ಕೂಲಿ ಸೇರಿ 4,000 ರೂ. ಮೀರದಂತೆ ಖರ್ಚು ಮಾಡುವುದು, ಮೂರು ದರಪಟ್ಟಿ ತರಿಸುವುದು, ಮೇ 15ರೊಳಗೆ ಮುಗಿಸುವುದು, ನೋಡಿಕೊಳ್ಳುವವರು ಸದಸ್ಯರಾದ ಇಂಥವರು.’ ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಉಳಿದರೆ ಅಡ್ಡ ಗೆರೆ ಎಳೆದು ಆಮೇಲೆ ಸಹಿ ಹಾಕಿ.

ಹಣ ಎಷ್ಟು ಬರುತ್ತದೆ? ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲಿದೆ. 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ನಿಮ್ಮದು 25,000ದ ಶಾಲೆ. ಅದರಲ್ಲಿ ಕನಿಷ್ಠ ಶೇ 10, ಅಂದರೆ 2,500 ರೂಪಾಯಿ ಸ್ವಚ್ಛತೆಗೇ ಹೋಗಬೇಕು. ಗ್ರಂಥಾಲಯಕ್ಕೆ, ಆಟದ ಸಾಮಾನಿಗೆ ಬೇರೆ ಬಾಬ್ತು ಇದೆ, ಒಂದರ ಹಣ ಇನ್ನೊಂದಕ್ಕೆ ಹಾಕಿದರೆ ಆಡಿಟ್ ಆಕ್ಷೇಪ ಖಂಡಿತ. ಹಣ ಕಂತಿನಲ್ಲಿ ತಡವಾಗಿ ಬರುವುದುಂಟು, ಮಾರ್ಚ್ ಮುಗಿದರೆ ಖರ್ಚಾಗದ ಮಿತಿ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಠರಾವು, ದರಪಟ್ಟಿ ಮುಂಚೆಯೇ ತಯಾರಿರಲಿ. ಮಾರ್ಚ್ ಕೊನೆಯ ವಾರ ಅವಸರದಲ್ಲಿ ಕೊಂಡ ಸಾಮಾನು ಹೇಗಿರುತ್ತದೆ ಅಂತ ಯಾವ ಶಾಲೆಯ ಅಟ್ಟ ಹತ್ತಿ ನೋಡಿದರೂ ಗೊತ್ತಾಗುತ್ತದೆ.

25,000ದಲ್ಲಿ ಕರೆಂಟು, ಸೀಮೆಸುಣ್ಣ, ಫಿನಾಯಿಲ್ ಕಳೆದರೆ ದೊಡ್ಡ ಕೆಲಸಕ್ಕೆ ಉಳಿಯುವುದು ಕಡಿಮೆ, ಆಗ ದೇಣಿಗೆ ನೆನಪಾಗುತ್ತದೆ. ತೋಟದ ಮಾಲೀಕರು, ಹಳೆ ವಿದ್ಯಾರ್ಥಿಗಳು ಕೊಡುವವರಿದ್ದಾರೆ. ನಗದಿಗಿಂತ ವಸ್ತು ರೂಪದಲ್ಲಿ ಕೇಳಿ: ಇಷ್ಟು ಲೀಟರ್ ಬಣ್ಣ, ಇಷ್ಟು ಬೆಂಚು. ಬಂದದ್ದನ್ನು ಅವತ್ತೇ ದಾಸ್ತಾನು ವಹಿಗೆ ಹತ್ತಿಸಿ, ಬೆಂಚಿನ ಕೆಳಗೆ ನಂಬರು ಬರೆಸಿ. ನಗದು ಬಂದರೆ ರಸೀದಿ ಕೊಟ್ಟು ಮರುದಿನವೇ ಬ್ಯಾಂಕಿಗೆ ಕಟ್ಟಿ, ವಾರ್ಷಿಕೋತ್ಸವಕ್ಕೆ ಅಂತ ಎತ್ತಿದ ಹಣವೂ ಹಾಗೆಯೇ. ಪೋಷಕರಿಂದ ಇಷ್ಟು ಅಂತ ಗೊತ್ತು ಮಾಡಿ ವಸೂಲಿ ಮಾಡುವುದು, ಹಣ ಕೊಡದವರ ಟಿಸಿ ತಡೆಯುವುದು ಸಲ್ಲ. ಸ್ವಇಚ್ಛೆಯ ದೇಣಿಗೆ ಅಂದರೂ ಅದು ಎಷ್ಟು ಬೇಗ ಕಡ್ಡಾಯದ ಬಣ್ಣ ತಳೆಯುತ್ತದೆ ಅನ್ನುವುದು 2022ರ ಅಕ್ಟೋಬರಿನಲ್ಲಿ ರಾಜ್ಯವೇ ಕಂಡಿದೆ: ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂಪಡೆಯಿತು.

ಕಾಂಪೌಂಡು, ಶೌಚಾಲಯ, ಕುಡಿಯುವ ನೀರಿನಂಥ ದೊಡ್ಡ ಕೆಲಸಗಳು ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಬೇಕು. ಗ್ರಾಮ ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಚಹಾ ಮುಗಿಯುವುದರೊಳಗೆ ಮರೆತುಹೋಗುತ್ತದೆ. ಠರಾವಿನ ನಕಲು, ಫೋಟೋ, ಅಳತೆ ಸೇರಿಸಿ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಕ್ಕಳ ಗ್ರಾಮ ಸಭೆ ನಡೆಯುವಾಗ ಅದನ್ನೇ ಏಳನೇ ಕ್ಲಾಸಿನ ಹುಡುಗಿಯರು ಎದ್ದು ನಿಂತು ಕೇಳಿದರೆ ಇನ್ನೂ ಒಳ್ಳೆಯದು.

ಬಿಸಿಯೂಟದ ಮೇಲುಸ್ತುವಾರಿ ತಾಯಂದಿರಷ್ಟು ಚೆನ್ನಾಗಿ ಯಾರೂ ಮಾಡಲಾರರು. ನಿಗದಿ ಹೀಗಿದೆ: ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. ಆರನೇ ತರಗತಿಯಿಂದ ಮೇಲೆ 150, 30, 75, ಏಳೂವರೆ. ನಿಮ್ಮ ಶಾಲೆಯಲ್ಲಿ ಎಲ್ಲರೂ ಹಾಜರಿದ್ದ ದಿನ ಅಕ್ಕಿ 5.8 ಕಿಲೋ ಮತ್ತು 3.9 ಕಿಲೋ, ಒಟ್ಟು 9.7 ಕಿಲೋ ಬೇಯಬೇಕು. ಬೇಳೆ 1.94 ಕಿಲೋ, ತರಕಾರಿ 4.85 ಕಿಲೋ. 2013ರಿಂದ ಬಂದಿರುವ ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿಲೀಟರ್, ಅದಕ್ಕೆ 18 ಗ್ರಾಂ ಪುಡಿ, ಅಂದರೆ 84 ಲೋಟಕ್ಕೆ ಸುಮಾರು ಒಂದೂವರೆ ಕಿಲೋ. ಈ ಲೆಕ್ಕವನ್ನು ಅಡುಗೆಮನೆ ಬಾಗಿಲ ಹಿಂದೆ ಬರೆಸಿಬಿಡಿ. ಮಳೆ ಹೊಡೆದು 50 ಮಕ್ಕಳು ಬಂದ ದಿನವೂ ವಹಿಯಲ್ಲಿ 9.7 ಕಿಲೋ ಖರ್ಚು ಬಿದ್ದಿದ್ದರೆ ಅಲ್ಲೇ ಕೇಳಬಹುದು. ಹಾಜರಿ ಪುಸ್ತಕ ಮತ್ತು ಅಕ್ಕಿ ವಹಿಯನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ದೊಡ್ಡ ತನಿಖೆ ಬೇಕಿಲ್ಲ. ಮೊಟ್ಟೆಗೂ ಅಷ್ಟೆ: ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಪಡೆಯುವವರೆಷ್ಟು ಅನ್ನುವ ಪಟ್ಟಿ ವರ್ಷದ ಶುರುವಿನಲ್ಲೇ ಪೋಷಕರ ಒಪ್ಪಿಗೆಯೊಂದಿಗೆ ಆಗಿರಬೇಕು.

ಬಡಿಸುವ ಮುಂಚೆ ಒಬ್ಬ ಶಿಕ್ಷಕರೂ ಸೇರಿ ಎರಡು ಮೂರು ಜನ ದೊಡ್ಡವರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು ಅನ್ನುವ ನಿಯಮವಿದೆ. ತಾಯಂದಿರ ಸರದಿ ಹಾಕಿ, ದಿನಕ್ಕೊಬ್ಬರು. ಶಾಲೆ ಹತ್ತಿರದ ಮನೆಯವರನ್ನೇ ಹಾಕಿದರೆ ನಡೆಯುತ್ತದೆ, ದೂರದವರನ್ನು ಹಾಕಿದರೆ ಎರಡನೇ ವಾರಕ್ಕೆ ನಿಲ್ಲುತ್ತದೆ. ಬಂದವರು ಅಡುಗೆಯವರ ಮೇಲೆ ಅತ್ತೆತನ ಮಾಡದಿರಲಿ. ನೋಡಬೇಕಾದದ್ದು: ಅಕ್ಕಿ ಮೂಟೆ ನೆಲಕ್ಕೆ, ಗೋಡೆಗೆ ತಾಗದೆ ಮರದ ಹಲಗೆಯ ಮೇಲಿದೆಯೇ (ನಮ್ಮ ಮಳೆಗಾಲದಲ್ಲಿ ಗೋಡೆಗೆ ತಾಗಿದ ಮೂಟೆ ಹದಿನೈದು ದಿನಕ್ಕೆ ಮುಗ್ಗುತ್ತದೆ), ಹಳೆ ಮೂಟೆ ಮೊದಲು ಖರ್ಚಾಗುತ್ತಿದೆಯೇ, ಹಾಲಿನ ಪುಡಿ ಗಂಟು ಕಟ್ಟಿದೆಯೇ, ಬಿಸಿ ಸಾಂಬಾರಿನ ಪಾತ್ರೆ ಮಕ್ಕಳ ಸಾಲಿನ ಹತ್ತಿರ ನೆಲದ ಮೇಲೆ ಇಟ್ಟಿದ್ದಾರೆಯೇ. ಈ ಕೊನೆಯದನ್ನು ಒಂದು ದಿನವೂ ಬಿಡಬೇಡಿ.

ನೀರಿನ ಟ್ಯಾಂಕು ತೊಳೆದ ತಾರೀಖನ್ನು ಟ್ಯಾಂಕಿನ ಮೇಲೇ ಬಣ್ಣದಲ್ಲಿ ಬರೆಸಿ. ಕುಡಿಯುವ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಬಕೆಟ್ಟಿನಲ್ಲಿ ಕಲಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಬೇಕು. ಬಾಯಿ ತೆರೆದಿಟ್ಟ ಪುಡಿಯಲ್ಲಿ ಸತ್ವ ಇರುವುದಿಲ್ಲ, ಆಮೇಲೆ ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಮಲೆನಾಡಿನ ಶಾಲೆಗೆ ಏಪ್ರಿಲ್, ಮೇ ಅಂದರೆ ಬೇಸಿಗೆ ರಜೆಯಲ್ಲ, ಮಳೆಗಾಲದ ತಯಾರಿ. ಜೂನ್ ಬಂದ ಮೇಲೆ ಹೆಂಚಿನ ಮೇಲೆ ಕಾಲಿಡಲು ಆಗುವುದಿಲ್ಲ. ಸೋರುವ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿ ‘ಆದರೂ ಸೋರುತ್ತದೆ’ ಅನ್ನುವುದು ಸಾಮಾನ್ಯ. ನೀರು ಒಡಕಿನಿಂದ ಇಳಿದು ಹೆಂಚಿನಡಿಯ ಮರಗಳಾದ ರೀಪು, ಪಕಾಸಿ ಹಿಡಿದು ಕೆಳಕ್ಕೆ ಹರಿದು ಬೇರೆ ಕಡೆ ತೊಟ್ಟಿಕ್ಕುತ್ತದೆ, ಹಾಗಾಗಿ ಒಡಕನ್ನು ಮೇಲ್ಗಡೆ ಹುಡುಕಬೇಕು. ಕೊಳ್ಳುವ ಹೆಂಚು ಹಳೆಯದರ ಅಳತೆಯದೇ ಆಗಿರಲಿ, ಬೇರೆ ಕಾರ್ಖಾನೆಯದಾದರೆ ಕೊಂಡಿ ಕೂರದೆ ಸಂದಿ ಬಿಡುತ್ತದೆ. ಕೊಳ್ಳುವ ಮುಂಚೆ ಒಂದು ಹಳೆ ಹೆಂಚು ತೆಗೆದುಕೊಂಡು ಹೋಗಿ ಜೋಡಿಸಿ ನೋಡಿ, ಐವತ್ತು ಹೆಚ್ಚಿಗೆ ತಂದಿಡಿ. ಎರಡು ಮಾಡು ಸೇರುವ ಕಡೆಯ ದೋಣಿಯಲ್ಲಿ ಎಲೆ ಕಟ್ಟಿದ್ದರೆ ತೆಗೆಸಿ. ಗೋಡೆಗೆ ಕೂರುವ ಕಡೆ ಪಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿಸಿ ನೋಡಿ, ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ. ಅಂಥ ಕೊಠಡಿಯಲ್ಲಿ ತರಗತಿ ನಡೆಸುವುದು ಬೇಡ ಅಂತ ಅವತ್ತೇ ನಡಾವಳಿ ಬರೆದು, ಇಂಜಿನಿಯರ್ ಬಂದು ನೋಡಲಿ ಅಂತ ಬಿಇಒಗೆ ಪತ್ರ ಕೊಡಿ. ಮೈನ್ ಸ್ವಿಚ್ಚಿನ ಗೋಡೆ ಒದ್ದೆಯಾಗುತ್ತದೆಯೇ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಅನ್ನುವುದನ್ನು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಶೌಚಾಲಯದ ಮೆಟ್ಟಿಲ ಪಾಚಿ ಉಜ್ಜಿಸಿ. ಹತ್ತುವ ಕೆಲಸಕ್ಕೆ ಕಸುಬಿನವರೇ ಬೇಕು, ಏಳನೇ ಕ್ಲಾಸಿನ ಹುಡುಗರನ್ನಾಗಲಿ ಮೇಷ್ಟ್ರನ್ನಾಗಲಿ ಹತ್ತಿಸಬೇಡಿ.

ಮಳೆ ರಜೆಯ ಪಾಠವನ್ನು ಶನಿವಾರ ಮಧ್ಯಾಹ್ನ ತುಂಬಿಸುವುದು ವಾಡಿಕೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ ಐದರವರೆಗೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ತಿಂಗಳಿಗೊಮ್ಮೆ ಎಷ್ಟು ದಿನ ಹೋಯಿತು, ಎಷ್ಟು ತುಂಬಿತು ಅಂತ ಕೇಳಿ ಬರೆಸಿದರೆ ಸಾಕು. ಹೆಚ್ಚುವರಿ ತರಗತಿ ಮುಗಿಯುವ ಹೊತ್ತು ಮಾತ್ರ ನಿಮ್ಮ ವಿಷಯ, ಮಕ್ಕಳು ಬೆಳಕಿರುವಾಗಲೇ ಮನೆ ಸೇರಬೇಕು. ಅರಣ್ಯ ಇಲಾಖೆಯವರು ಆನೆ ಇರುವ ಕಡೆಯ ಸಂದೇಶ ಕಳಿಸುವ ಗುಂಪಿದ್ದರೆ ನೀವೂ ಒಬ್ಬ ಶಿಕ್ಷಕರೂ ಅದರಲ್ಲಿರಿ. ಯಾವ ದಾರಿಯ ಮಕ್ಕಳನ್ನು ಯಾರು ಜೊತೆಗೂಡಿಸಿ ಕರೆದೊಯ್ಯಬೇಕು ಅನ್ನುವ ಪಟ್ಟಿ ಜೂನ್ ಮೊದಲ ವಾರವೇ ಆಗಲಿ.

ನಿಮ್ಮ ಪತ್ರದಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ಅಂಕಿ 58. ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದರ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ನೀವು ಮೂರು ಮಕ್ಕಳ ಹಿಂದಿದ್ದೀರಿ. ಲೈನ್‌ಮನೆಗಳಲ್ಲಿ ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಕುಟುಂಬಗಳ ಮಕ್ಕಳು ಶಾಲೆಗೆ ಸೇರದೆ ತಂಗಿ, ತಮ್ಮಂದಿರನ್ನು ನೋಡಿಕೊಂಡು ಕೂತಿರುತ್ತಾರೆ. ‘ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ’ ಅನ್ನುವುದು ದಾಖಲು ಮಾಡದಿರಲು ಕಾರಣವಾಗದು. ಕಾಯ್ದೆಯ 5ನೇ ಮತ್ತು 14ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತವೆ, 4ನೇ ಕಲಂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಅನ್ನುತ್ತದೆ. ಇಬ್ಬರು ಸದಸ್ಯರು ರೈಟರ್ ಜೊತೆ ಜೂನಿನಲ್ಲಿ ಒಂದು ಸುತ್ತು, ಕೆಲಸಕ್ಕೆ ಹೊಸಬರು ಬಂದ ಮೇಲೆ ಇನ್ನೊಂದು ಸುತ್ತು ಮನೆ ಮನೆ ಹೋಗಿ ಬನ್ನಿ. ಯುಡೈಸ್ (ಶಾಲೆಗಳ ವಾರ್ಷಿಕ ಅಂಕಿಅಂಶ) ಲೆಕ್ಕಕ್ಕೆ ಸೆಪ್ಟೆಂಬರ್ 30 ಮುಖ್ಯ ದಿನ, ಅಷ್ಟರೊಳಗೆ ಸೇರಿದವರು ಎಣಿಕೆಗೆ ಬರುತ್ತಾರೆ. ಸಂಖ್ಯೆ ದಾಟಿದ ಕೂಡಲೇ ಶಿಕ್ಷಕರು ಬಂದು ಇಳಿಯುವುದಿಲ್ಲ, ಆದರೆ ಬಿಇಒ ಮುಂದೆ ಅತಿಥಿ ಶಿಕ್ಷಕರನ್ನು ಕೇಳಲು ಕಾಗದ ಗಟ್ಟಿಯಾಗುತ್ತದೆ. ಆ ಮಕ್ಕಳು ಶಾಲೆಗೆ ಬರುವುದು ಹೇಗೂ ಬೇಕಾದದ್ದೇ.

ದೂರುಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಒಂದು ಮಗುವಿನ ಅಥವಾ ಒಬ್ಬ ಶಿಕ್ಷಕರ ಹೆಸರೆತ್ತಿ ತುಂಬಿದ ಸಭೆಯಲ್ಲಿ ಚರ್ಚೆ ಬೇಡ. ದೂರನ್ನು ಬರೆದು ತರಲಿ, ನೀವು ಮತ್ತು ಹೆಡ್‌ಮಾಸ್ಟರ್ ಕೂತು ಕೇಳಿ. ಹೆಡ್‌ಮಾಸ್ಟರ್ ಮೇಲೇ ದೂರಾದರೆ ಸಿಆರ್‌ಪಿ, ಬಿಇಒ ಇದ್ದಾರೆ. ಹೊಡೆಯುವುದನ್ನು, ಮನಸ್ಸು ನೋಯುವಂತೆ ಹೀಯಾಳಿಸುವುದನ್ನು 17ನೇ ಕಲಂ ನಿಷೇಧಿಸಿದೆ, ‘ನಾಲ್ಕು ಬಾರಿಸಿ ಸರ್, ನಾವೇನೂ ಅನ್ನಲ್ಲ’ ಅನ್ನುವ ಪೋಷಕರಿಗೂ ಇದನ್ನು ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಸಮಿತಿ, ರಾಜಿ, ಊರ ಪಂಚಾಯಿತಿ ಯಾವುದೂ ಇಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಾದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಮಗುವಿನ ಹೆಸರು ನಡಾವಳಿಯಲ್ಲೂ ಬರಬಾರದು, ವಾಟ್ಸಾಪ್‌ನಲ್ಲೂ ಬರಬಾರದು.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವ ಹಾಗೆ ಮಾಡಿಡಿ. ಅಂಕಪಟ್ಟಿ, ಅಳುತ್ತಿರುವ ಮಗುವಿನ ಫೋಟೋ, ಪಕ್ಷದ ಪೋಸ್ಟರ್ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ನಿಮ್ಮ ಪಕ್ಕದ ಮನೆಯವರ ಮಗು ಅನುದಾನರಹಿತ ಖಾಸಗಿ ಶಾಲೆಗೆ ಹೋಗುತ್ತಿದ್ದರೆ ಅಲ್ಲಿಗೆ 21ನೇ ಕಲಂ ಅನ್ವಯಿಸುವುದಿಲ್ಲ. ಅಲ್ಲಿಯ ಪೋಷಕ-ಶಿಕ್ಷಕ ಸಂಘಕ್ಕೆ ಅದರದೇ ನಿಯಮಾವಳಿ. ನಡಾವಳಿ, ರಸೀದಿ, ತಾಳೆಯ ವಿಷಯದಲ್ಲಿ ಮೇಲೆ ಹೇಳಿದ್ದು ಅಲ್ಲಿಗೂ ನಡೆಯುತ್ತದೆ.

ಶಾಲಾಭಿವೃದ್ಧಿ ಯೋಜನೆಯನ್ನು ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮುಂಚೆ, ಅಂದರೆ ಡಿಸೆಂಬರ್ ಕೊನೆಯೊಳಗೆ ಸಿದ್ಧ ಮಾಡಬೇಕು ಅಂತ ಕೇಂದ್ರದ ಮಾದರಿ ನಿಯಮ ಹೇಳುತ್ತದೆ. ಮೂರು ವರ್ಷದ ಯೋಜನೆ, ಒಳಗೆ ವರ್ಷ ವರ್ಷದ ಭಾಗ. ಕೊಯ್ಲು ಜೋರಾಗುವ ಮುಂಚೆ ನವೆಂಬರಿನಲ್ಲೇ ಇದಕ್ಕೊಂದು ಸಭೆ ಇಟ್ಟುಬಿಡಿ. ಹೋದ ವರ್ಷದ ಯೋಜನೆಯನ್ನು ತಾರೀಖು ಬದಲಿಸಿ ನಕಲು ಮಾಡುವುದನ್ನು ತಪ್ಪಿಸಬೇಕಾದರೆ ಸದಸ್ಯರೆಲ್ಲ ಮೊದಲು ಶಾಲೆಯ ಸುತ್ತ ಒಂದು ಸುತ್ತು ನಡೆದು, ಆಮೇಲೆ ಕೂತು ಬರೆಯಿರಿ.

ಮಗಳು ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋದ ದಿನ ನಿಮ್ಮ ಸದಸ್ಯತ್ವವೂ ಮುಗಿಯುತ್ತದೆ, ಎರಡೂವರೆ ವರ್ಷ ಅಂತಿಟ್ಟುಕೊಳ್ಳಿ. ಮೂರನೇ ಕ್ಲಾಸಿನ ಒಳಗಿನ ಮಗುವಿನ ತಾಯಿಯೊಬ್ಬರನ್ನು ಈಗಿನಿಂದಲೇ ಸೋಮವಾರ ಜೊತೆಗೆ ಕೂರಿಸಿಕೊಳ್ಳಿ, ವರ್ಷಕ್ಕೆ ಎರಡು ಸಭೆ ಅವರೇ ನಡೆಸಲಿ. ಹೋಗುವಾಗ ನೀವು ಹಸ್ತಾಂತರಿಸುವ ಪಟ್ಟಿ, ಮೊದಲ ವಾರ ನೀವೇ ಹೆಡ್‌ಮಾಸ್ಟರ್ ಎದುರು ಮಾಡಿದ ಆ ಪಟ್ಟಿಯ ಕ್ರಮದಲ್ಲೇ ಇರಲಿ, ಯಾವ ಸಾಲಿನ ಮುಂದೆಯೂ ‘ಇಲ್ಲ’ ಅಂತ ಬರೆಯಬೇಕಾಗದ ಹಾಗೆ.